ಸಂಗ್ರಹವೂ ವಿವೇಕವೂ: ಊರ ಗ್ರಂಥಾಲಯಕ್ಕೊಂದು ಗ್ರಂಥನೀತಿ

ನಮ್ಮ ನಾಡಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ. ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ರಚಿತವಾಗಿ 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದರ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ಬೆಳೆದ ಐದು ಸಾವಿರಕ್ಕೂ ಮಿಕ್ಕ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಮೊದಲು ಅವುಗಳನ್ನು ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ವೆಂದು ಕರೆದು, ಬಳಿಕ ‘ಅರಿವು ಕೇಂದ್ರ’ವೆಂದು ಹೆಸರಿಸಲಾಯಿತು. ಮಾಹಿತಿಯೆಂಬ ಶಬ್ದದ ಸ್ಥಾನದಲ್ಲಿ ಅರಿವೆಂಬ ಶಬ್ದ ನೆಲೆಗೊಂಡುದು ಸಣ್ಣ ಸಂಗತಿಯಲ್ಲ. ವಚನ ವಾಙ್ಮಯವನ್ನು ಬಲ್ಲವರಿಗೆ ಈ ಶಬ್ದದ ಭಾರ ಗೊತ್ತು. ಆಚಾರದಲ್ಲಿ ಮೂಡದ ತಿಳಿವನ್ನು ಶರಣರು ಅರಿವೆಂದು ಒಪ್ಪಲಿಲ್ಲ. ಇಷ್ಟು ದೊಡ್ಡ ಹೆಸರನ್ನು ಬಾಗಿಲಮೇಲೆ ಬರೆದ ಮೇಲೆ, ಒಳಗಿನ ಕಪಾಟಿನಲ್ಲಿ ಏನಿರಬೇಕು, ಏನಿರಬಾರದು, ಅದನ್ನು ನಿರ್ಧರಿಸುವವರು ಯಾರು, ಯಾವ ತತ್ತ್ವದ ಮೇಲೆ, ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊಣೆಯೂ ನಮ್ಮ ಮೇಲೆ ಬರುತ್ತದೆ.

ಈ ಉತ್ತರವನ್ನೇ ಗ್ರಂಥಾಲಯ ಶಾಸ್ತ್ರಜ್ಞರು ‘ಗ್ರಂಥಸಂಗ್ರಹ ನೀತಿ’ ಎನ್ನುತ್ತಾರೆ. ಯಾವ ಓದುಗರಿಗಾಗಿ ಸಂಗ್ರಹ, ಏನನ್ನು ಕೊಳ್ಳಬೇಕು, ದಾನವಾಗಿ ಬಂದುದರಲ್ಲಿ ಏನನ್ನು ಸ್ವೀಕರಿಸಬೇಕು, ಏನನ್ನು ವಿನಯದಿಂದ ಹಿಂದಿರುಗಿಸಬೇಕು, ಯಾವುದನ್ನು ಶಾಶ್ವತವಾಗಿ ಕಾಯ್ದಿಡಬೇಕು, ಯಾವುದನ್ನು ಕಾಲಕಾಲಕ್ಕೆ ತೆಗೆದುಹಾಕಬೇಕು ಎಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿದ ನಿಯಮಪತ್ರವೇ ಅದು. ವಿಶ್ವವಿದ್ಯಾಲಯಗಳಂಥ ದೊಡ್ಡ ಸಂಸ್ಥೆಗಳಿಗೆ ಮಾತ್ರ ಅದು ಬೇಕು, ಹಳ್ಳಿಯ ಒಂದು ಕೋಣೆಯ ಗ್ರಂಥಾಲಯಕ್ಕೆ ಅದರ ಗೊಡವೆಯೇಕೆ ಎಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಸ್ಥಳ ಕಿರಿದಾದಷ್ಟೂ ಆಯ್ಕೆಯ ಹೊಣೆ ಹಿರಿದು. ಲಕ್ಷ ಗ್ರಂಥಗಳ ನಡುವೆ ಹತ್ತು ನಿರರ್ಥಕ ಪುಸ್ತಕಗಳು ಸೇರಿದರೆ ಯಾರಿಗೂ ತಿಳಿಯದು. ಎರಡು ಕಪಾಟುಗಳಿರುವಲ್ಲಿ ಆ ಹತ್ತು ಪುಸ್ತಕಗಳು ಒಂದು ಮಗುವಿನ ಓದಿನ ಪಾಲನ್ನೇ ಕಸಿದುಕೊಳ್ಳುತ್ತವೆ.

ಸಂಗ್ರಹಕಾರರು ಕಲಿಸುವ ಪಾಠ

ಸಂಗ್ರಹವೆಂದರೆ ಆಯ್ಕೆ, ಆಯ್ಕೆಯೆಂದರೆ ಬಿಡುವುದು ಕೂಡ. ಈ ಮಾತಿಗೆ ವಚನಗಳು ಉಳಿದುಬಂದ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡದಲ್ಲಿ ಮತ್ತೊಂದಿಲ್ಲ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಹದಿನೈದನೆಯ ಶತಮಾನದಲ್ಲಿ, ವಿಶೇಷವಾಗಿ ಪ್ರೌಢದೇವರಾಯನ ಕಾಲದಿಂದ ಮುಂದೆ, ಸ್ಥಲಕಟ್ಟಿನ ಸಂಕಲನಗಳಾಗಿ ರೂಪುಗೊಂಡವು. ಷಟ್‌ಸ್ಥಲದ ಕ್ರಮವೇ ಆ ಸಂಕಲನಕಾರರ ಗ್ರಂಥನೀತಿ. ಅವರಿಗೆ ತಾವು ಏನನ್ನು ಹುಡುಕುತ್ತಿರುವೆವೆಂಬ ಅರಿವಿತ್ತು. ಆದುದರಿಂದಲೇ ಚೆದುರಿಹೋಗಬಹುದಾಗಿದ್ದ ಸಾವಿರಾರು ವಚನಗಳು ನಮಗೆ ದಕ್ಕಿದವು. ಈ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಿಮೆಯೇ. ಆದರೆ ವಿಮರ್ಶಕನು ಇನ್ನೊಂದು ಮುಖವನ್ನೂ ಕಾಣಬೇಕು. ಸ್ಥಲಕ್ಕೆ ಹೊಂದದ ಮಾತಿಗೆ ಆ ಕಟ್ಟಿನಲ್ಲಿ ಸಹಜವಾದ ಎಡೆಯಿರಲಿಲ್ಲ. ಒಬ್ಬ ಕಾಯಕಜೀವಿಯ ಬಾಳಿನ ಕಷ್ಟಸುಖ, ಒಬ್ಬ ಶರಣೆಯ ಮನೆವಾರ್ತೆಯ ಮಾತು, ತತ್ತ್ವದ ಚೌಕಟ್ಟಿಗೆ ಒದಗಿದಾಗ ಉಳಿಯಿತು. ಒದಗದಿದ್ದರೆ ಅದರ ಗತಿಯೇನಾಯಿತೆಂದು ಕೇಳಲು ಇಂದು ಯಾವ ದಾರಿಯೂ ಇಲ್ಲ. ಅನೇಕ ಕಾಯಕಶರಣರ ವಚನಗಳು ಬೆರಳೆಣಿಕೆಯಷ್ಟೇ ದೊರೆತಿರುವುದನ್ನು ಓದುವಾಗ ಈ ವಿಚಾರ ಮನಸ್ಸನ್ನು ಕಾಡದೆ ಬಿಡದು.

ಶೂನ್ಯಸಂಪಾದನೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರೂ ಹೆಚ್ಚುಕಡಿಮೆ ಒಂದೇ ಸಾಮಗ್ರಿಯನ್ನು ಹಿಡಿದು ಕೆಲಸಮಾಡಿದವರು. ಆದರೆ ಆಯ್ಕೆಯಲ್ಲಿಯೂ ಜೋಡಣೆಯಲ್ಲಿಯೂ ಅವರು ಬೇರೆಬೇರೆ. ಸಾಮಗ್ರಿ ಒಂದೇ ಆದರೂ ಆಯ್ಕೆ ಬದಲಾದರೆ ಗ್ರಂಥವೇ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗ್ರಂಥಾಲಯದ ಕಪಾಟಿಗೂ ಈ ಮಾತು ಸಲ್ಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಹಿಡಿದುದು ಮತ್ತೊಂದು ಮಾರ್ಗ. ಅವರು ಕಾದು ಕುಳಿತವರಲ್ಲ, ಹುಡುಕಿಕೊಂಡು ಹೋದವರು. ಊರೂರಿನ ಮನೆಗಳಲ್ಲಿ, ಮಠಗಳಲ್ಲಿ ಕಟ್ಟು ಬಿಚ್ಚದೆ ಪೂಜೆಗೊಳ್ಳುತ್ತಿದ್ದ ಓಲೆಗರಿಗಳನ್ನು ಬಿಡಿಸಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಪೂಜೆಯ ವಸ್ತುವಾಗಿದ್ದುದನ್ನು ಓದಿನ ವಸ್ತುವಾಗಿಸಿದುದು ಅವರ ನಿಜವಾದ ಸಾಧನೆ. ಪುಸ್ತಕ ಇರುವುದು ಬಳಕೆಗೆಂದು ಎಸ್.ಆರ್. ರಂಗನಾಥನ್ ಅವರು ತಮ್ಮ ಪಂಚಸೂತ್ರಗಳಲ್ಲಿ 1931ರಲ್ಲಿ ನಿರೂಪಿಸುವ ಮೊದಲೇ ವಿಜಾಪುರದ ಒಬ್ಬ ವಕೀಲರು ಅದನ್ನು ಕೃತಿಯಲ್ಲಿ ನಡೆಸಿ ತೋರಿಸಿದ್ದರೆನ್ನಬಹುದು.

ಮೂರನೆಯದು, ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಮಾರ್ಗ. ಹದಿನೈದು ಸಂಪುಟಗಳ ಆ ಮಾಲೆಯಲ್ಲಿ ವಚನಗಳು ಕರ್ತೃವಿನ ಹೆಸರಿನಡಿಯಲ್ಲಿ ನಿಂತವು. ಶಿವಶರಣೆಯರಿಗೊಂದು ಪ್ರತ್ಯೇಕ ಸಂಪುಟ ದೊರೆಯಿತು. ಒಂದೆರಡು ವಚನಗಳಷ್ಟೇ ಸಿಕ್ಕ ಶರಣರಿಗೂ ಸಂಕೀರ್ಣ ಸಂಪುಟಗಳಲ್ಲಿ ಸ್ಥಾನ ದೊರೆಯಿತು. ಕೊನೆಯ ಸಂಪುಟವಾದ ಪರಿಭಾಷಾ ಕೋಶವು ಉಳಿದ ಹದಿನಾಲ್ಕಕ್ಕೂ ಕೀಲಿಕೈಯಂತಿದೆ.

ಹೀಗೆ ತತ್ತ್ವದಿಂದ ಆರಿಸುವುದು, ಹುಡುಕಿ ತರುವುದು, ಯಾರನ್ನೂ ಬಿಡದಂತೆ ಸೇರಿಸುವುದು ಎಂಬ ಮೂರು ಮಾರ್ಗಗಳು ನಮ್ಮ ಕಣ್ಣಮುಂದಿವೆ. ಮೊದಲನೆಯದರಲ್ಲಿ ಖಚಿತತೆಯಿದೆ, ಹೊರಗುಳಿಯುವವರ ನೋವಿದೆ. ಎರಡನೆಯದರಲ್ಲಿ ಶ್ರಮವಿದೆ. ಮೂರನೆಯದರಲ್ಲಿ ಔದಾರ್ಯವಿದೆ, ಆದರೆ ಹೊಸ ಓದುಗನು ಎಲ್ಲಿಂದ ಆರಂಭಿಸಬೇಕೆಂಬ ಮಾರ್ಗದರ್ಶನ ಕಡಿಮೆ. ಊರ ಗ್ರಂಥಾಲಯದ ನೀತಿಯು ಈ ಮೂರರ ಗುಣವನ್ನೂ ಹದವರಿತು ಕೂಡಿಸಿಕೊಳ್ಳಬೇಕಾಗಿದೆ.

ಈಗಿನ ಪದ್ಧತಿ

ಇಂದು ಹಳ್ಳಿಯ ಗ್ರಂಥಾಲಯಕ್ಕೆ ಪುಸ್ತಕಗಳು ಮುಖ್ಯವಾಗಿ ಮೂರು ದಾರಿಗಳಿಂದ ಬರುತ್ತವೆ. ರಾಜ್ಯ ಮಟ್ಟದ ಆಯ್ಕೆ ಸಮಿತಿಯ ಪಟ್ಟಿಯಂತೆ ಸಗಟಾಗಿ ಕೊಂಡು ಹಂಚಿದವು ಒಂದು. 1972ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದ ಬಂದವು ಇನ್ನೊಂದು. ದಾನವಾಗಿ ಬಂದವು ಮತ್ತೊಂದು. ಸ್ಥಳೀಯ ತೆರಿಗೆಯ ಮೇಲೆ ಶೇಕಡ 6ರ ಗ್ರಂಥಾಲಯ ಕರವೂ ಉಂಟು. ಆದರೆ ದೊಡ್ಡ ಕಟ್ಟಡಗಳಿರುವ ನಗರದಲ್ಲಿ ಈ ಕರ ಕೂಡಿಬರುವಂತೆ ಮಣ್ಣಿನ ಮನೆಗಳ ಹಳ್ಳಿಯಲ್ಲಿ ಕೂಡಿಬರಲಾರದು.

ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ಆಧಾರವಾಗಿ ನಿಂತಿದೆಯೆಂಬುದು ನಿರ್ವಿವಾದ. ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಗ್ರಂಥಗಳು ಅಚ್ಚನ್ನೇ ಕಾಣುತ್ತಿರಲಿಲ್ಲ. ಆದರೆ ಅದರ ದೋಷಗಳನ್ನೂ ಹೇಳಬೇಕು. ಪುಟಗಳ ಲೆಕ್ಕದ ಮೇಲೆ ಬೆಲೆ ಕಟ್ಟುವ ಪದ್ಧತಿಯಲ್ಲಿ ತೆಳುವಾದ, ಚಿತ್ರವತ್ತಾದ ಮಕ್ಕಳ ಪುಸ್ತಕಕ್ಕೆ ಹಾನಿ; ದಪ್ಪನೆಯ ಪುಸ್ತಕಕ್ಕೆ ಲಾಭ. ಒಂದೇ ಪಟ್ಟಿ ಇಡೀ ನಾಡಿಗೆ ಹಂಚಿಹೋಗುವುದರಿಂದ ಕೊಡಗಿಗೆ ಬಂದುದೇ ಯಾದಗಿರಿಗೂ ಬರುತ್ತದೆ. ಯಾದಗಿರಿಗೆ ಮಾತ್ರ ಬೇಕಾದುದು ಎಲ್ಲಿಗೂ ಬರುವುದಿಲ್ಲ. ಓದುಗನು ಏನನ್ನು ಕೇಳಿದನೆಂಬುದು ಪಟ್ಟಿ ಮಾಡುವವರ ಕಿವಿಗೆ ತಲುಪುವ ದಾರಿ ಬಹಳ ಉದ್ದವಾದುದು.

ದಾನದ ವಿಷಯವನ್ನು ಹೇಳುವಾಗ ಈ ಪತ್ರಿಕೆಯ ವಾಚಕರು ಸ್ವಲ್ಪ ಸಹನೆಯಿಂದ ಕೇಳಬೇಕೆಂದು ವಿನಂತಿ. ಗ್ರಂಥದಾನವು ಪುಣ್ಯಕಾರ್ಯವೆಂಬ ಶ್ರದ್ಧೆ ನಮ್ಮಲ್ಲಿದೆ, ಅದು ಒಳ್ಳೆಯದೇ. ಆದರೆ ಜಾತ್ರೆ, ಪುಣ್ಯಸ್ಮರಣೆ, ಅಭಿನಂದನೆಗಳ ಸಂದರ್ಭದಲ್ಲಿ ಅಚ್ಚಾದ ಸಂಚಿಕೆಗಳ ಉಳಿಕೆ ಪ್ರತಿಗಳೂ ಒಂದೇ ಪ್ರವಚನ ಪುಸ್ತಕದ ಹತ್ತಾರು ಪ್ರತಿಗಳೂ ಹಳ್ಳಿಯ ಗ್ರಂಥಾಲಯದ ಕಪಾಟನ್ನು ತುಂಬಿದರೆ ಅದನ್ನು ದಾಸೋಹವೆನ್ನಲಾದೀತೆ? ದಾಸೋಹದಲ್ಲಿ ಉಣ್ಣುವವನ ಹಸಿವು ಮುಖ್ಯ, ಬಡಿಸುವವನ ಪಾತ್ರೆ ಬರಿದಾಗುವುದಲ್ಲ. ಮಠದ ಗ್ರಂಥಭಾಂಡಾರಕ್ಕೂ ಊರ ಗ್ರಂಥಾಲಯಕ್ಕೂ ಧರ್ಮ ಬೇರೆ. ಭಾಂಡಾರವು ತನ್ನ ಪರಂಪರೆಯ ಎಲ್ಲವನ್ನೂ ಕಾಯ್ದಿಡಬೇಕು. ಊರ ಗ್ರಂಥಾಲಯ ಎಲ್ಲ ಮನೆಗಳಿಗೂ ಸೇರಿದುದು. ಅಲ್ಲಿ ಬರುವ ಮುಸಲ್ಮಾನರ ಹುಡುಗನಿಗೂ ತಾಂಡಾದ ಹುಡುಗಿಗೂ ಇದು ತನ್ನದೆಂಬ ಭಾವ ಬರಬೇಕು. ಸಾರ್ವಜನಿಕ ಗ್ರಂಥಾಲಯದ ಸಂಗ್ರಹವು ಮತ, ರಾಜಕೀಯ, ವ್ಯಾಪಾರಗಳ ಒತ್ತಡಕ್ಕೆ ಒಳಗಾಗಕೂಡದೆಂದು ಯುನೆಸ್ಕೋ ಘೋಷಣೆಯು ಜಗತ್ತಿಗೆಲ್ಲ ಹೇಳಿದೆ. ಜಾತಿ ಕೇಳದೆ ಒಳಗೆ ಕರೆದ ಮಹಾಮನೆಯ ಪರಂಪರೆಯವರು ಅದಕ್ಕೆ ಹಿಂದೇಟು ಹಾಕಬಾರದು.

ಕೊಂಕಲ್‌ನ ಓದುಗ

ನೀತಿಯು ಗಾಳಿಯಲ್ಲಿ ನಿಲ್ಲಲಾರದು, ಅದಕ್ಕೊಂದು ಊರು ಬೇಕು. ದೃಷ್ಟಾಂತಕ್ಕೆ ಯಾದಗಿರಿ ಜಿಲ್ಲೆಯ ಕೊಂಕಲ್ ಗ್ರಾಮವನ್ನು ತೆಗೆದುಕೊಳ್ಳೋಣ. ಕಲಬುರಗಿಯಿಂದ ಬೇರ್ಪಟ್ಟು 2010ರಲ್ಲಿ ಹೊಸ ಜಿಲ್ಲೆಯಾದ ಈ ಸೀಮೆಯಲ್ಲಿ 2011ರ ಜನಗಣತಿಯಂತೆ ಸಾಕ್ಷರರ ಪ್ರಮಾಣ ಶೇಕಡ 52ರಷ್ಟು. ರಾಜ್ಯದಲ್ಲಿಯೇ ಅತಿ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ಅಂದರೆ ಇಲ್ಲಿನ ಅನೇಕ ಮನೆಗಳಲ್ಲಿ ಇಂದು ಪುಸ್ತಕ ಹಿಡಿದ ಮಗು ಆ ಮನೆತನದ ಮೊದಲ ಓದುಗ. ಆ ಮಗುವಿಗೆ ಸಮಗ್ರ ಸಂಪುಟವನ್ನು ಕೈಗಿತ್ತರೆ ಅದು ಹೆದರಿ ಹಿಂದೆಗೆಯುತ್ತದೆ. ದಪ್ಪ ಅಕ್ಷರದ, ಕಡಿಮೆ ಪುಟದ, ಗಟ್ಟಿ ಹೊದಿಕೆಯ ಕಥೆಯ ಪುಸ್ತಕ ಅದಕ್ಕೆ ಬೇಕು. ಈಗಷ್ಟೇ ಅಕ್ಷರ ಕಲಿತ ತಾಯಿಗೂ ಅಂಥದೇ ಬೇಕು.

ಎರಡನೆಯದು ಭಾಷೆ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಹಳೆಯ ಭೂದಾಖಲೆಗಳು ಆ ಲಿಪಿಯಲ್ಲಿವೆ. ಅದನ್ನು ಓದಬಲ್ಲ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಮೂಡಣಕ್ಕೆ ತೆಲಂಗಾಣದ ಗಡಿ. ಮದುವೆ, ವ್ಯಾಪಾರ, ಕೂಲಿಗಳ ಮೂಲಕ ತೆಲುಗು ಮನೆಯೊಳಗೇ ಇದೆ. ಹೈದರಾಬಾದಿನಲ್ಲಿ 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾನಿಲಯವನ್ನು ಕಟ್ಟಿ ತೆಲುಗರು ಗ್ರಂಥಾಲಯವನ್ನೇ ಭಾಷಾಜಾಗೃತಿಯ ಸಾಧನವಾಗಿಸಿಕೊಂಡರೆಂಬುದನ್ನು ನೆನೆಯಬೇಕು. 1956ರಲ್ಲಿ ಕನ್ನಡ ನಾಡಿಗೆ ಸೇರಿದ ಈ ಭಾಗದಲ್ಲಿ ಕನ್ನಡವೇ ಸಂಗ್ರಹದ ಬೆನ್ನೆಲುಬಾಗಿರಬೇಕು. ಜೊತೆಗೆ ಉರ್ದು, ತೆಲುಗು ಪುಸ್ತಕಗಳ ಒಂದೊಂದು ಸಾಲು ಇರುವುದು ನ್ಯಾಯ.

ಮೂರನೆಯದು ಬದುಕು. ಇದು ತೊಗರಿ, ಹತ್ತಿ, ಭತ್ತಗಳ ನಾಡು. ಕೃಷ್ಣೆಯ ಕಾಲುವೆ ನೀರು ಬಂದಲ್ಲೆಲ್ಲ ಸವಳು ಜವಳಿನ ಸಮಸ್ಯೆಯೂ ಬಂದಿದೆ; ಹತ್ತಿಗೆ ಗುಲಾಬಿ ಕಾಯಿಕೊರಕದ ಕಾಟ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೈಪಿಡಿಗಳು ಇಲ್ಲಿ ಕಾದಂಬರಿಗಿಂತ ಮೊದಲು ಬೇಕು. ಉದ್ಯೋಗ ಹುಡುಕುವ ತರುಣರು ಸ್ಪರ್ಧಾ ಪರೀಕ್ಷೆಯ ಪುಸ್ತಕಗಳನ್ನು ಕೇಳುತ್ತಾರೆ. ಅದನ್ನು ಕೀಳೆಂದು ಭಾವಿಸುವ ಪಂಡಿತರಿದ್ದಾರೆ. ಕಾಯಕವನ್ನು ಕೊಂಡಾಡಿ, ಕಾಯಕ ಅರಸುವವನ ಪುಸ್ತಕವನ್ನು ಹೀಗಳೆಯುವುದು ಸಲ್ಲದು. ಆದರೆ ಇಂಥ ಪುಸ್ತಕಕ್ಕೆ ಆಯುಷ್ಯ ಕಡಿಮೆ. ನಿಯಮ ಬದಲಾದೊಡನೆ ಅದು ತಪ್ಪು ಹೇಳತೊಡಗುತ್ತದೆ. ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನಿಡಬೇಕು.

ನೀತಿಯ ಅಂಗಗಳು

ಇಷ್ಟು ಹಿನ್ನೆಲೆಯಲ್ಲಿ ಇಂಥದೊಂದು ಊರಿನ ನೀತಿ ಎರಡು ಪುಟಗಳಲ್ಲಿ ಮುಗಿಯಬೇಕು. ಪಂಚಾಯಿತಿಯ ಸಭೆಯಲ್ಲಿ ಓದಿ ಒಪ್ಪಿ ಗೋಡೆಯ ಮೇಲೆ ಅಂಟಿಸುವಂತಿರಬೇಕು. ಅದರ ಮೊದಲ ಅಂಗ, ಹಂಚಿಕೆ. ಲಭ್ಯವಾದ ಹಣದಲ್ಲಿ ಮಕ್ಕಳ ಪಾಲು ಮೊದಲು ತೆಗೆದಿಡಬೇಕು. ಉಳಿದುದರಲ್ಲಿ ಉದ್ಯೋಗ ಮತ್ತು ಕೃಷಿ, ಸಾಹಿತ್ಯ, ಪರಾಮರ್ಶನ ಗ್ರಂಥಗಳು. ಎರಡನೆಯದು, ಬೇಡಿಕೆಯ ಪುಸ್ತಕ. ಓದುಗರು ಕೇಳಿಯೂ ಸಿಗದ ಪುಸ್ತಕದ ಹೆಸರನ್ನು ಬರೆದಿಡುವ ಒಂದು ನೋಟುಪುಸ್ತಕ ಮೇಜಿನ ಮೇಲಿರಲಿ. ಪಟ್ಟಿ ಮಾಡುವವರಿಗೆ ಅದಕ್ಕಿಂತ ಉತ್ತಮ ಸಲಹೆಗಾರರಿಲ್ಲ.

ಮೂರನೆಯ ಅಂಗ ಸ್ಥಳೀಯ ಸಂಗ್ರಹ. ಇದು ನೀತಿಯ ಪ್ರಾಣ. ಬೇರೆಲ್ಲವನ್ನೂ ಬೇರೆಯವರು ಕಳಿಸಬಹುದು, ಇದನ್ನು ಮಾತ್ರ ಊರೇ ಮಾಡಬೇಕು. ಈ ಸೀಮೆಯ ಸಂಪತ್ತನ್ನು ನೋಡಿರಿ. ಆದ್ಯ ವಚನಕಾರನೆನಿಸಿದ ದೇವರ ದಾಸಿಮಯ್ಯನ ಮುದನೂರು ಸುರಪುರ ಸೀಮೆಯಲ್ಲಿದೆ. ವಚನಕಾರ ಭೋಗಣ್ಣನ ಕೆಂಭಾವಿಯೂ ಅಲ್ಲಿಯೇ. ಕಾಲಜ್ಞಾನದ ಕೊಡೇಕಲ್ ಬಸವಣ್ಣನವರ ಪರಂಪರೆಯಲ್ಲಿ ಅಮರಗನ್ನಡವೆಂಬ ವಿಶಿಷ್ಟ ಲಿಪಿಯ ಹಸ್ತಪ್ರತಿಗಳಿವೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರರು ವಚನಗಳನ್ನು ರಚಿಸಿದವರು. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ನೆರೆಯ ಜೇವರ್ಗಿ ಸೀಮೆಯಿಂದ ಈ ಹಳ್ಳಿಗಳ ಭಜನೆಯೊಳಗೆ ಬೆರೆತಿವೆ. ಸುರಪುರದಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ ಅಚ್ಚಾಗಿದೆ. ರಾಜಾ ವೆಂಕಟಪ್ಪ ನಾಯಕನ 1858ರ ಹೋರಾಟವನ್ನು ಅರಿಯಬಯಸುವವನಿಗೆ ಅದನ್ನು ತಪ್ಪಿಸಿ ಹೋಗಲಾಗದು. ಇವುಗಳ ಮುದ್ರಿತ ಗ್ರಂಥಗಳಾದರೂ ಜಿಲ್ಲೆಯ ಪ್ರತಿಯೊಂದು ಊರ ಗ್ರಂಥಾಲಯದಲ್ಲಿ ಒಂದೆಡೆ ದೊರೆಯಬೇಕು. ಅದಕ್ಕಿಂತ ಮುಖ್ಯವಾದುದು ಅಚ್ಚಾಗದ ಸಾಮಗ್ರಿ. ಭಜನಾಮೇಳದವರು ಕೈಯಲ್ಲಿ ಬರೆದಿಟ್ಟುಕೊಂಡ ತತ್ತ್ವಪದದ ನೋಟುಪುಸ್ತಕಗಳು, ಮೊಹರಮ್ಮಿನ ರಿವಾಯತ ಪದಗಳು, ಹಂತಿ ಮತ್ತು ಬೀಸುವ ಪದ ಬಲ್ಲ ತಾಯಂದಿರ ನೆನಪು, ಇವು ಒಂದೊಂದು ಸಾವಿನೊಡನೆ ಒಂದೊಂದು ಕಪಾಟಿನಷ್ಟು ಕಳೆದುಹೋಗುತ್ತಿವೆ. ಮೂಲವನ್ನು ಮನೆಯಲ್ಲಿಯೇ ಬಿಟ್ಟು ಪ್ರತಿಯನ್ನು ಗ್ರಂಥಾಲಯದಲ್ಲಿಡುವುದು ಇಂದು ಕಷ್ಟವಲ್ಲ. ಹಳಕಟ್ಟಿಯವರು ಬರಿಗೈಯಲ್ಲಿ ಮಾಡಿದ ಕೆಲಸಕ್ಕೆ ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಯಂತ್ರವಿದೆ.

ನಾಲ್ಕನೆಯದು, ದಾನದ ನಿಯಮ. ಸ್ವೀಕರಿಸಿದ ಪುಸ್ತಕವನ್ನು ಇಡುವ, ಬೇರೆಡೆಗೆ ಕಳಿಸುವ, ತೆಗೆಯುವ ಅಧಿಕಾರ ಗ್ರಂಥಾಲಯಕ್ಕಿದೆಯೆಂದು ಮೊದಲೇ ತಿಳಿಸಬೇಕು. ಒಂದು ಪುಸ್ತಕದ ಎರಡಕ್ಕಿಂತ ಹೆಚ್ಚು ಪ್ರತಿ ಬೇಡ. ದಾನಿಗಳು ಪುಸ್ತಕದ ಬದಲು ಗ್ರಂಥಾಲಯದ ಬೇಡಿಕೆಯ ಪಟ್ಟಿಯನ್ನು ಕೇಳಿ ಅದರಂತೆ ಕೊಡಿಸಿದರೆ ಅದೇ ನಿಜವಾದ ಜ್ಞಾನದಾಸೋಹ. ಐದನೆಯದು, ತೆಗೆದುಹಾಕುವ ನಿಯಮ. ಹರಿದುದು, ತಪ್ಪಾದುದು, ಬಹುಕಾಲ ಯಾರೂ ಮುಟ್ಟದುದು ವರ್ಷಕ್ಕೊಮ್ಮೆ ಪರಿಶೀಲನೆಗೆ ಬರಲಿ. ಸ್ಥಳೀಯ ಸಂಗ್ರಹಕ್ಕೆ ಮಾತ್ರ ಈ ನಿಯಮ ಅನ್ವಯಿಸಬಾರದು. ಅಲ್ಲಿ ಯಾರೂ ಮುಟ್ಟದ ಪ್ರತಿಯೇ ಒಮ್ಮೆ ಏಕೈಕ ಪ್ರತಿಯಾದೀತು.

ಆರನೆಯದು, ನಷ್ಟದ ನಿಯಮ. ಶಾಲೆಗಳಲ್ಲಿ ಮೂರು ದಶಕಗಳಿಗೂ ಮೀರಿ ದುಡಿದ ಅನುಭವದಿಂದ ಹೇಳುವುದಾದರೆ, ನಮ್ಮಲ್ಲಿ ಪುಸ್ತಕಗಳನ್ನು ಗೆದ್ದಲಿಗಿಂತ ಹೆಚ್ಚಾಗಿ ತಿಂದುದು ಬೀಗ. ಕಳೆದ ಪುಸ್ತಕದ ಬೆಲೆಯನ್ನು ಸಂಬಳದಲ್ಲಿ ಹಿಡಿಯುವರೆಂಬ ಅಂಜಿಕೆಯಿಂದ ಎಷ್ಟೋ ಕಪಾಟುಗಳು ತಪಾಸಣೆಯ ದಿನ ಮಾತ್ರ ತೆರೆದವು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಬಳಕೆಗೆ ಕೊಟ್ಟ ಸಾವಿರ ಪುಸ್ತಕಗಳಿಗೆ ವರ್ಷಕ್ಕೆ ಐದರ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯವಿಲ್ಲದಿದ್ದರೆ, ಸಹಜವೆಂದೇ ಪರಿಗಣಿಸುತ್ತವೆ. ಇಂಥ ವಿವೇಕದ ಮಾತೊಂದು ಊರ ನೀತಿಯಲ್ಲಿಯೂ ಬರಹದಲ್ಲಿರಲಿ. ಮೇಲ್ವಿಚಾರಕನ ಭಯ ಹೋಗದೆ ಓದುಗನ ಕೈಗೆ ಪುಸ್ತಕ ಬಾರದು.

ಎರಡು ಆಕ್ಷೇಪಗಳು

ಪುಸ್ತಕವೇ ಇಲ್ಲದ ಕಡೆ ಆಯ್ಕೆಯ ಮಾತೇಕೆ, ಬಂದುದು ಬರಲಿ ಎನ್ನುವವರುಂಟು. ಹಸಿದವನಿಗೆ ಏನನ್ನಾದರೂ ಹಾಕಿದರೆ ಸಾಕೆಂಬ ಈ ಕರುಣೆಯಲ್ಲಿ ತಿರಸ್ಕಾರ ಅಡಗಿದೆ. ಮೊದಲ ಬಾರಿ ಗ್ರಂಥಾಲಯಕ್ಕೆ ಬಂದ ಮಗು ತನಗೆ ಎಟುಕದ ಪುಸ್ತಕಗಳನ್ನೇ ಕಂಡು ಹಿಂದಿರುಗಿದರೆ, ಓದು ತನಗಲ್ಲವೆಂದು ತಿಳಿಯುತ್ತದೆ; ಅದು ಎರಡನೆಯ ಬಾರಿ ಬರುವುದಿಲ್ಲ.

ಎಲ್ಲವೂ ಗಣಕದಲ್ಲಿ ದೊರೆಯುವಾಗ ಕಪಾಟಿನ ಚಿಂತೆ ಬೇಡವೆಂಬುದು ಎರಡನೆಯ ಆಕ್ಷೇಪ. ರಾಜ್ಯದ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಆರಂಭವಾಗಿದೆ; ವಚನಗಳನ್ನು ಪದದಿಂದ ಹುಡುಕಬಲ್ಲ ‘ವಚನ ಸಂಚಯ’ದಂಥ ಜಾಲತಾಣವೂ ಇದೆ. ಸಂಶೋಧಕನಿಗೆ ಇವು ವರವೇ ಸರಿ. ಆದರೆ ಹುಡುಕಲು ಪದ ಗೊತ್ತಿರಬೇಕು. ಆ ಪದವನ್ನು ಮೊದಲು ಕಲಿಸುವುದು ಕೈಗೆ ಸಿಕ್ಕ ಪುಸ್ತಕ. ಅಪಾರವಾದುದು ಸುಲಭವಾಗಿ ದೊರೆಯುವ ಕಾಲದಲ್ಲಿ ಆರಿಸಿಕೊಡುವವನ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ವಚನಗಳ ವಿಷಯದಲ್ಲಿಯೇ ಹೇಳುವುದಾದರೆ, ಊರ ಗ್ರಂಥಾಲಯಕ್ಕೆ ಮೊದಲು ಬೇಕಾದುದು ಅರ್ಥಸಹಿತವಾದ ಒಂದು ಚಿಕ್ಕ ಸಂಕಲನ, ದಾಸಿಮಯ್ಯನ ವಚನಗಳು, ಶರಣೆಯರ ಸಂಪುಟ ಮತ್ತು ಪರಿಭಾಷಾ ಕೋಶ. ಇವು ಕೈಯಿಂದ ಕೈಗೆ ಹೋಗಿ ಸವೆದ ಮೇಲೆ ಸಮಗ್ರ ಮಾಲೆಯನ್ನು ತರಿಸಲಿ. ಆಗ ಅದಕ್ಕೆ ಓದುಗರಿರುತ್ತಾರೆ.

ಸ್ಥಲಕಟ್ಟಿನ ಹಿರಿಯರು ತಮ್ಮ ಕಾಲಕ್ಕೆ ತಕ್ಕ ನೀತಿಯನ್ನು ಸ್ಪಷ್ಟವಾಗಿ ಇಟ್ಟುಕೊಂಡಿದ್ದರು. ಆದುದರಿಂದಲೇ ಅವರ ಗುಣದೋಷಗಳೆರಡನ್ನೂ ನಾವಿಂದು ವಿಮರ್ಶಿಸಬಲ್ಲೆವು. ನೀತಿಯಿಲ್ಲದ ಸಂಗ್ರಹವನ್ನು ವಿಮರ್ಶಿಸಲೂ ಬಾರದು, ತಿದ್ದಲೂ ಬಾರದು. ಆದುದರಿಂದ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಅಧ್ಯಾಪಕರೂ ಸಾಹಿತ್ಯದ ವಿದ್ಯಾರ್ಥಿಗಳೂ ತಮ್ಮತಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ, ಕಪಾಟಿನಲ್ಲಿರುವುದನ್ನು ಪಟ್ಟಿಮಾಡಿ, ಇಲ್ಲದಿರುವುದನ್ನು ಗುರುತಿಸಿ, ಎರಡು ಪುಟದ ನೀತಿಯೊಂದನ್ನು ಬರೆದು ಪಂಚಾಯಿತಿಯ ಮುಂದಿಡಬೇಕು. ಭಕ್ತರು ಬರುವ ವರ್ಷದ ಗ್ರಂಥದಾನಕ್ಕೆ ಮೊದಲು ಆ ಪಟ್ಟಿಯನ್ನು ಕೇಳಿ ಪಡೆಯಬೇಕು. ಏನನ್ನು ಆರಿಸಿದೆವು, ಏಕೆ ಆರಿಸಿದೆವು ಎಂದು ಮುಂದಿನವರಿಗೆ ಹೇಳಬಲ್ಲ ಊರಿಗೆ ಆ ಹೆಸರು ಒಪ್ಪುತ್ತದೆ.